ಮಸ್ಸೂರಿಯ ಮೂರು ನಡಿಗೆ: ಅಮ್ಮನ ಮಂಡಿಗೆ ಒಪ್ಪಿದ್ದು ಯಾವುದು?

ಮಸ್ಸೂರಿಗೆ ಹೋಗಿ ಬಂದವರೆಲ್ಲ ‘ಅಲ್ಲಿ ಸುಮ್ನೆ ನಡೆದಾಡಿದರೆ ಸಾಕು’ ಅಂತಾರೆ. ಎಲ್ಲಿ ನಡೆಯಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಅಕ್ಟೋಬರ್ ಕೊನೆಯಲ್ಲಿ ಅಮ್ಮನ ಜೊತೆ ನಾಲ್ಕು ದಿನ ಅಲ್ಲಿದ್ದೆ. ಅಮ್ಮನಿಗೆ 68 ವರ್ಷ. ದಿನಾ ವಾಕಿಂಗ್ ಹೋಗುವ ರೂಢಿ ಇದೆ, ಆದರೆ ಎಡ ಮಂಡಿ ಆಗಾಗ ಕೈಕೊಡುತ್ತದೆ. ಅದಕ್ಕೇ ಚಾರಣದ ಗೋಜಿಗೆ ಹೋಗದೆ ಊರೊಳಗಿನ ಮೂರು ದಾರಿ ಹಿಡಿದೆವು: ಮಾಲ್ ರೋಡ್, ಕ್ಯಾಮಲ್ಸ್ ಬ್ಯಾಕ್ ರೋಡ್, ಲಂಡೌರ್ ಚಕ್ಕರ್.

ಮೂರನ್ನೂ ಸುಲಭ ಅಂತಲೇ ಹೇಳುತ್ತಾರೆ. ಉದ್ದ ನೋಡಿದರೆ ಎರಡು-ಮೂರು ಕಿಲೋಮೀಟರ್ ಅಷ್ಟೇ. ನಾನೂ ಉದ್ದ ನೋಡಿಯೇ ಲೆಕ್ಕ ಹಾಕಿದ್ದೆ, ತಪ್ಪಿದ್ದೂ ಅಲ್ಲೇ. ದಾರಿ ಶುರುವಾಗುವ ಜಾಗಕ್ಕೆ ಹೇಗೆ ಹೋಗುವುದು ಅಂತ ಮೊದಲು ಕೇಳಬೇಕಿತ್ತು.

ಊರು ಬೆಟ್ಟದ ಏಣಿನ ಮೇಲೆ ಉದ್ದಕ್ಕೆ ಕೂತಿದೆ, ಸುಮಾರು 2,000 ಮೀಟರ್ ಎತ್ತರದಲ್ಲಿ. ಪಶ್ಚಿಮದ ತುದಿಗೆ ಲೈಬ್ರರಿ ಬಜಾರ್, ಅಲ್ಲೇ ಗಾಂಧಿ ಚೌಕ. ಪೂರ್ವಕ್ಕೆ ಕುಲ್ರಿ ಬಜಾರ್ ಮತ್ತು ಪಿಕ್ಚರ್ ಪ್ಯಾಲೇಸ್. ನಡುವೆ ಗನ್ ಹಿಲ್. ಈ ಗುಡ್ಡದ ದಕ್ಷಿಣದ ಮಗ್ಗುಲಲ್ಲಿ ಮಾಲ್ ರೋಡ್, ಉತ್ತರದ ಮಗ್ಗುಲಲ್ಲಿ ಕ್ಯಾಮಲ್ಸ್ ಬ್ಯಾಕ್. ಲಂಡೌರ್ ಇನ್ನೂ ಪೂರ್ವಕ್ಕೆ, ಇನ್ನೂರೈವತ್ತು ಮೀಟರಿಗೂ ಜಾಸ್ತಿ ಮೇಲೆ. ಆ ಇನ್ನೂರೈವತ್ತು ಮೀಟರಿನ ಮಹಿಮೆ ಮೊದಲ ದಿನವೇ ಗೊತ್ತಾಯಿತು.

ಹೌದು, ಮೊದಲ ದಿನವೇ ಲಂಡೌರಿಗೆ ಹೊರಟಿದ್ದೆವು. ಚಕ್ಕರ್ ಸಮತಟ್ಟು, ದೇವದಾರು ಮರಗಳ ನೆರಳು, ಗಾಡಿಗಳ ಕಾಟ ಕಡಿಮೆ ಅಂತ ಕೇಳಿದ್ದೆ. ಎಲ್ಲವೂ ನಿಜ. ಆದರೆ ಚಕ್ಕರ್ ಇರುವುದು ಗುಡ್ಡದ ತಲೆಯ ಮೇಲೆ. ಪಿಕ್ಚರ್ ಪ್ಯಾಲೇಸಿನಿಂದ ಅಲ್ಲಿಗೆ ನಕ್ಷೆಯಲ್ಲಿ ಹತ್ತಿರವೇ ಕಂಡಿತು. ಲಂಡೌರ್ ಬಜಾರಿನ ಗಂಟಾಘರ್ ತನಕ ಅಂಗಡಿ ನೋಡುತ್ತಾ ಆರಾಮಾಗಿ ಬಂದೆವು. ಅಲ್ಲಿಂದ ಮುಂದೆ ರಸ್ತೆ ಗೋಡೆಗೆ ಒರಗಿಸಿದ ಏಣಿಯ ಹಾಗೆ ಎದ್ದು ನಿಂತಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾ, ಜೀಪು ಬಂದಾಗ ಗೋಡೆಗೆ ಅಂಟಿಕೊಳ್ಳುತ್ತಾ ಚಕ್ಕರ್ ಶುರುವಾಗುವ ಚಾರ್ ದುಕಾನ್ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯಿತು. “ಸುಲಭ ಅಂದೆಯಲ್ಲೋ?” ಅಂದರು ಅಮ್ಮ. ಉತ್ತರ ಕೊಡಲು ನನಗೂ ಉಸಿರಿರಲಿಲ್ಲ.

1827ರಲ್ಲಿ ಬ್ರಿಟಿಷರು ಲಂಡೌರಿನಲ್ಲಿ ಕಾಯಿಲೆ ಬಿದ್ದ ಸೈನಿಕರ ಆರೈಕೆಗೆ ಅಂತ ಠಾಣೆ ಮಾಡಿದ್ದರು. ಅದನ್ನು ಹೇಳಿದ್ದಕ್ಕೆ ಅಮ್ಮ, “ಅವರನ್ನ ಹೊತ್ತುಕೊಂಡೇ ತಂದಿರಬೇಕು ಬಿಡು. ನಡೆಸಿದ್ದರೆ ಯಾರು ಉಳೀತಿದ್ರು?” ಅಂದರು.

ಮೇಲೆ ಹೋದ ಮೇಲೆ ಮಾತ್ರ ಬೈಯಲು ಬಾಯಿ ಬರುವುದಿಲ್ಲ. ಚಾರ್ ದುಕಾನಿನ ಪಕ್ಕದಲ್ಲೇ ಸೇಂಟ್ ಪಾಲ್ಸ್ ಚರ್ಚ್. ನರಭಕ್ಷಕ ಹುಲಿಗಳ ಬೇಟೆಗೆ ಹೆಸರಾದ ಜಿಮ್ ಕಾರ್ಬೆಟ್‌ನ ಅಪ್ಪ-ಅಮ್ಮ 1859ರಲ್ಲಿ ಮದುವೆಯಾದ ಚರ್ಚು ಇದು. ಅಲ್ಲಿಂದ ಲಾಲ್ ಟಿಬ್ಬಾ, ಕೆಲಾಗ್ ಚರ್ಚ್, ಸಿಸ್ಟರ್ಸ್ ಬಜಾರ್ ಸುತ್ತಿ ವಾಪಸ್ ಬರಬಹುದು. ಗುಡ್ಡದ ಸುತ್ತ ಬರುವ ದಾರಿ, ಏರಿಳಿತ ಇದ್ದರೂ ಕಾಲಿಗೆ ಗೊತ್ತಾಗುವಷ್ಟಲ್ಲ. ದಂಡು ಪ್ರದೇಶವಾದ್ದರಿಂದ ಹೊಸ ಕಟ್ಟಡಕ್ಕೆ ಕಡಿವಾಣ ಇದೆ, ಕಾಡು ಉಳಿದಿದೆ. ಆಕಾಶ ತಿಳಿಯಾಗಿದ್ದರೆ ಲಾಲ್ ಟಿಬ್ಬಾದಿಂದ ಬಂದರ್‌ಪೂಂಛ್, ಸ್ವರ್ಗಾರೋಹಿಣಿ ಕಾಣುತ್ತವೆ. ಎರಡೂ 6,000 ಮೀಟರ್ ದಾಟಿದ ಶಿಖರಗಳು. ನಾವು ಏದುಸಿರು ಬಿಡುತ್ತಾ ಹೋಗುವಷ್ಟರಲ್ಲಿ ಹನ್ನೊಂದಾಗಿತ್ತು, ಮೋಡ ಮುಚ್ಚಿತ್ತು. ಇಳಿಯುವುದು ಏರುವುದಕ್ಕಿಂತ ಸಲೀಸು ಅಂದುಕೊಂಡಿದ್ದೆ. ಮಂಡಿ ನೋವಿರುವವರನ್ನು ಕೇಳಿ ನೋಡಿ, ಇಳಿಜಾರೇ ಶತ್ರು. ಆ ಸಂಜೆ ಅಮ್ಮ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಾ ಕೂತರು.

ಎರಡನೇ ದಿನ ಸಂಜೆ ಮಾಲ್ ರೋಡ್. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಸುಮಾರು ಎರಡು ಕಿಲೋಮೀಟರ್, ಕುಲ್ರಿ ಕಡೆಯ ಒಂದು ಏರು ಬಿಟ್ಟರೆ ಬಹುಪಾಲು ಮಟ್ಟಸ. ಕಾಲು ಸೋತರೆ ಸೈಕಲ್ ರಿಕ್ಷಾ ಇದೆ. ಹಾಗಾಗಿ ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಸುಲಭ. ಆದರೆ ಅಲ್ಲಿ ನಾವು ನಡೆಯಲಿಲ್ಲ, ಜನ ನಮ್ಮನ್ನು ತಳ್ಳಿಕೊಂಡು ಹೋದರು! ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಸೆಲ್ಫಿಗೆ ನಿಂತವರು, ನಡುವೆ ಬೈಕುಗಳ ಹಾರ್ನ್. ಅಮ್ಮನಿಗೆ ಮಂಡಿ ನೋಯಲಿಲ್ಲ, ತಲೆ ನೋಯಿತು. ಮುಸ್ಸಂಜೆಯ ಒಂದು ಹತ್ತು ನಿಮಿಷ ಮಾತ್ರ ಚೆನ್ನಾಗಿತ್ತು. ಪಶ್ಚಿಮದಲ್ಲಿ ಸೂರ್ಯ ಮುಳುಗಿದ ಮೇಲೆ ಕಣಿವೆಯ ಮೇಲೆ ಸ್ಕೇಲು ಇಟ್ಟು ಎಳೆದ ಹಾಗೆ ಒಂದು ಗೆರೆ, ಅದರ ಮೇಲೆ ಕಿತ್ತಳೆ ಬಣ್ಣ, ಕೆಳಗೆ ಬೂದುನೇರಳೆ. ಇದಕ್ಕೆ ಅಲ್ಲಿ ವಿಂಟರ್‌ಲೈನ್ ಅಂತಾರೆ. ಕೆಳಗಿನ ತಣ್ಣನೆಯ ಗಾಳಿಯಲ್ಲಿ ಸಿಕ್ಕಿಕೊಂಡ ಧೂಳು, ಮಬ್ಬು ಹೀಗೆ ಗೆರೆಯಾಗಿ ಕಾಣುತ್ತದಂತೆ. ಅಕ್ಟೋಬರ್ ನಡುವಿನಿಂದ ಜನವರಿವರೆಗೆ ಹೋದವರಿಗೆ ಸಿಗುವ ಭಾಗ್ಯ.

ಮೂರನೇ ದಿನ ಬೆಳಿಗ್ಗೆ ಏಳಕ್ಕೆ ಕ್ಯಾಮಲ್ಸ್ ಬ್ಯಾಕ್. ಕುಲ್ರಿಯಲ್ಲಿ ಶುರು ಮಾಡಿ ಲೈಬ್ರರಿ ಬಜಾರಿನಲ್ಲಿ ಹೊರಬೀಳುವ ಮೂರು ಕಿಲೋಮೀಟರ್ ದಾರಿ. ಒಂದು ಬಂಡೆ ಒಂಟೆಯ ಬೆನ್ನಿನ ಹಾಗಿದೆ, ಅದಕ್ಕೇ ಈ ಹೆಸರು. ಅಮ್ಮನಿಗೆ ಎಷ್ಟು ತೋರಿಸಿದರೂ ಒಂಟೆ ಕಾಣಲಿಲ್ಲ. “ಎಮ್ಮೆ ಅಂದ್ರೂ ನಡೆಯುತ್ತೆ” ಅಂದರು.

ಮಾಲ್‌ನಿಂದ ಕೂಗಳತೆಯಲ್ಲಿರುವ ದಾರಿ ಇಷ್ಟು ಮೌನವಾಗಿರುತ್ತದೆ ಅಂತ ನಾನು ನೆನೆಸಿರಲಿಲ್ಲ. ಗನ್ ಹಿಲ್ ನಡುವೆ ನಿಂತು ಊರಿನ ಗದ್ದಲವನ್ನು ತಡೆಯುತ್ತದೆ. ಆಗೊಂದು ಈಗೊಂದು ಸ್ಕೂಟರ್, ನಾಲ್ಕಾರು ವಾಕಿಂಗ್ ಜನ, ಮರದಲ್ಲಿ ಮುಸುವಗಳು. ಕುಳಿತುಕೊಳ್ಳಲು ಅಲ್ಲಲ್ಲಿ ಜಾಗ ಇದೆ, ಸ್ಕ್ಯಾಂಡಲ್ ಪಾಯಿಂಟ್ ಎಂಬಲ್ಲಿ ಸೂರು ಹಾಕಿದ ತಂಗುಕಟ್ಟೆ ಇದೆ. ಅಮ್ಮ ಮೂರು ಕಡೆ ಕೂತರು, ಎಲ್ಲೂ ‘ಇನ್ನೆಷ್ಟು ದೂರ’ ಅಂತ ಕೇಳಲಿಲ್ಲ.

ದಾರಿಯಲ್ಲಿ ಹಳೆಯ ಬ್ರಿಟಿಷ್ ಸ್ಮಶಾನ ಸಿಗುತ್ತದೆ. ಗೇಟು ಹಾಕಿತ್ತು. ಹೊರಗೆ ನಿಂತೇ ಅಮ್ಮನಿಗೆ ಜಾನ್ ಲ್ಯಾಂಗ್ ಕಥೆ ಹೇಳಿದೆ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ವಕೀಲ. ಝಾನ್ಸಿ ರಾಣಿ ಲಕ್ಷ್ಮೀಬಾಯಿಯ ಪರವಾಗಿ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ನಿಂತವನು. 1864ರಲ್ಲಿ ಮಸ್ಸೂರಿಯಲ್ಲೇ ತೀರಿಕೊಂಡ. ಸಮಾಧಿ ಎಲ್ಲಿದೆ ಅಂತ ಜನರಿಗೆ ಮರೆತೇ ಹೋಗಿ, ಮತ್ತೆ ಸಿಕ್ಕಿದ್ದು 1964ರಲ್ಲಿ. ಅಮ್ಮ ಕಂಬಿ ಹಿಡಿದು ಬಹಳ ಹೊತ್ತು ಒಳಗೆ ನೋಡಿದರು.

ಈ ದಾರಿಗೂ ಒಂದು ಕೊರತೆ ಇದೆ. ಉತ್ತರದ ಮಗ್ಗುಲಾದ್ದರಿಂದ ಬಿಸಿಲು ತಡವಾಗಿ ಬರುತ್ತದೆ. ಅಕ್ಟೋಬರಿನಲ್ಲೇ ಏಳು ಗಂಟೆಗೆ ಕಿವಿ ಮರಗಟ್ಟಿತು. ಡಿಸೆಂಬರ್, ಜನವರಿಯಲ್ಲಿ ಹೋಗುವವರು ಒಂಬತ್ತರ ಮೇಲೆ ಹೋಗುವುದೇ ಒಳ್ಳೆಯದು, ನೆರಳಿನಲ್ಲಿ ಹಿಮ ಗಟ್ಟಿಯಾಗಿ ಕಾಲು ಜಾರಬಹುದು. ಆಗ ಬೆಳಗಿನ ಹೊತ್ತಿಗೆ ದಕ್ಷಿಣಕ್ಕೆ ಮುಖ ಮಾಡಿದ ಮಾಲ್ ರೋಡೇ ವಾಸಿ. ಅಂಗಡಿ ತೆರೆಯುವ ಮೊದಲು ಅಲ್ಲೂ ಬಿಸಿಲು ಕಾಯಿಸಿಕೊಂಡು ನಡೆಯಬಹುದು. ಕಾಲು ಗಟ್ಟಿ ಇರುವವರು ಕ್ಯಾಮಲ್ಸ್ ಬ್ಯಾಕ್‌ನಲ್ಲಿ ಹೋಗಿ ಮಾಲ್‌ನಲ್ಲಿ ವಾಪಸ್ ಬಂದರೆ ಗನ್ ಹಿಲ್ ಸುತ್ತಿದ ಹಾಗಾಯಿತು, ಒಟ್ಟು ಐದು ಕಿಲೋಮೀಟರ್. ನಾವು ವಾಪಸ್ ಬಂದದ್ದು ರಿಕ್ಷಾದಲ್ಲಿ.

ನನ್ನನ್ನು ಕೇಳಿದರೆ ನೋಟಕ್ಕೂ ಗಾಳಿಗೂ ಲಂಡೌರೇ ಮೇಲು. ಚಾರ್ ದುಕಾನ್ ತನಕ ಟ್ಯಾಕ್ಸಿಯಲ್ಲಿ ಹೋಗಿ, ಚಕ್ಕರ್ ಮಾತ್ರ ನಡೆದು, ಟ್ಯಾಕ್ಸಿಯಲ್ಲೇ ಇಳಿದರೆ ಅದರಷ್ಟು ಸುಖದ ನಡಿಗೆ ಇನ್ನೊಂದಿಲ್ಲ. ಬೆಳಿಗ್ಗೆ ಬೇಗ ಹೋಗಬೇಕು, ಶನಿವಾರ-ಭಾನುವಾರ ಬಿಡಬೇಕು, ಆ ಇಕ್ಕಟ್ಟು ರಸ್ತೆಯಲ್ಲಿ ಗಾಡಿ ಸಿಕ್ಕಿಕೊಂಡರೆ ಅರ್ಧ ದಿನ ಹೋಯಿತು. ಕೊನೆಯ ದಿನ ಹಾಗೇ ಮಾಡೋಣ ಅಂತ ಟ್ಯಾಕ್ಸಿಗೆ ಹೇಳಿಯೂ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅಮ್ಮ ಆಗಲೇ ಶೂ ಹಾಕಿಕೊಂಡು, ಕಿವಿಗೆ ಮಫ್ಲರ್ ಸುತ್ತಿ ಕೂತಿದ್ದರು.

“ಟ್ಯಾಕ್ಸಿ ಬೇಡ ಕಣೋ. ಆ ವಕೀಲನ ರಸ್ತೆಗೇ ಹೋಗೋಣ.”