ನಾಯಿ ವಾಕ್ ಮಾಡಿಸುವವರನ್ನು ಗೊತ್ತು ಮಾಡುವ ಮುನ್ನ ಇದನ್ನೊಮ್ಮೆ ಓದಿ

ಕೈಲಾಗದ ಹೊತ್ತಿನಲ್ಲಿ ನಿಮ್ಮ ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯಲು ಯಾರನ್ನಾದರೂ ಹುಡುಕುತ್ತಿದ್ದೀರಾ? ಹಾಗಿದ್ದರೆ ನಡೆದ ದಾರಿ ಇದು ಎಂದು ಅವರು ಮೊಬೈಲಿಗೆ ಕಳಿಸುವ ಮ್ಯಾಪು, ಫೋಟೋ ನಂಬಿಕೊಂಡು ನಿಶ್ಚಿಂತೆಯಿಂದ ಕೂರಬೇಡಿ. ನಮ್ಮ ನಾಯಿ ಕೆಂಚನನ್ನು ಒಬ್ಬಾತ ಸ್ಕೂಟರಿಗೆ ಕಟ್ಟಿಕೊಂಡು ಓಡಿಸುತ್ತಿದ್ದ. ಮ್ಯಾಪು ಮಾತ್ರ ದಿನಾ ಅಚ್ಚುಕಟ್ಟಾಗಿ ಬರುತ್ತಿತ್ತು.

ನನಗೆ ಮೊಣಕಾಲಿನ ಆಪರೇಷನ್ ಆಗಿತ್ತು. ಊರುಗೋಲು ಹಿಡಿದು ಬಚ್ಚಲಿಗೆ ಹೋಗಿ ಬರುವಷ್ಟರಲ್ಲೇ ಸಾಕಾಗುತ್ತಿತ್ತು. ಮನೆಯಲ್ಲಿ ನನ್ನನ್ನು ಬಿಟ್ಟರೆ ಅತ್ತೆ ಒಬ್ಬರೇ. ಕೆಂಚ 30 ಕಿಲೋ ತೂಗುವ ಗಂಡು, ಬೆಕ್ಕು ಕಂಡು ಎಳೆದನೆಂದರೆ ಅತ್ತೆಯೂ ಅವನ ಹಿಂದೆಯೇ ಹೋಗಬೇಕಾಗುತ್ತದೆ. ಹೀಗಾಗಿ ಪರಿಚಯದವರೊಬ್ಬರು ಹೇಳಿದ ಹುಡುಗನನ್ನು ಕರೆಸಿದೆವು.

ಹುಡುಗ ನೋಡಲು ಚೆನ್ನಾಗಿಯೇ ಇದ್ದ, ಮಾತೂ ನಯ. ಬಂದವನೇ ಮೈಮೇಲೆ ಕೈ ಹಾಕದೆ, ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು ಕೆಂಚ ತಾನಾಗಿ ಬಂದು ಮೂಸುವವರೆಗೆ ಕಾದ. ನಾಯಿ ಬಲ್ಲವರು ಮಾಡುವುದು ಅದನ್ನೇ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ವಿಷಯ ಕೇಳಿದವರೆಲ್ಲ "ಮುಖ ನೋಡಿದ್ರೆ ಗೊತ್ತಾಗಲ್ವೇನ್ರೀ?" ಅನ್ನುತ್ತಾರೆ. ಗೊತ್ತಾಗಲ್ಲ. ಅವನಿಗೆ ನಾಯಿಗಳ ವಿಷಯ ತಿಳಿದಿತ್ತು. ಸಮಯ ಇರಲಿಲ್ಲ, ಅಷ್ಟೇ. ಒಪ್ಪಿಕೊಂಡ ಮನೆಗಳು ಹೆಚ್ಚಾದವು, ಬೆಳಗಿನ ಹೊತ್ತು ಹೆಚ್ಚಾಗಲಿಲ್ಲ.

ಮೊದಮೊದಲು ಬೆಳಿಗ್ಗೆ ಬೇಗ ಬರುತ್ತಿದ್ದವನು ಆಮೇಲೆ "ಅಕ್ಕಾ, ಇವತ್ತು ಸ್ವಲ್ಪ ಲೇಟಾಗುತ್ತೆ" ಎನ್ನತೊಡಗಿದ. ಆ ಸ್ವಲ್ಪ ಎನ್ನುವುದು ಬೆಳೆಯುತ್ತಾ ನೆತ್ತಿಯ ಮೇಲೆ ಬಿಸಿಲು ಬರುವವರೆಗೂ ಹೋಯಿತು. ಕೆಂಚ ವಾಪಸ್ ಬಂದವನೇ ಬಟ್ಟಲು ನೀರು ಖಾಲಿ ಮಾಡಿ, ತಣ್ಣನೆ ನೆಲಕ್ಕೆ ಹೊಟ್ಟೆ ಹಚ್ಚಿ ಸಂಜೆವರೆಗೂ ಏಳುತ್ತಿರಲಿಲ್ಲ. "ಚೆನ್ನಾಗಿ ನಡೆಸ್ತಾನೆ ಕಣೇ, ನೋಡು ಹೇಗೆ ಮಲಗಿದಾನೆ" ಎಂದು ಅತ್ತೆಗೆ ಸಮಾಧಾನ. ನಾಯಿ ಸುಸ್ತಾಗಿದ್ದರೆ ಒಳ್ಳೆಯ ವಾಕಿಂಗ್ ಆಗಿದೆ ಎಂದು ನಮ್ಮಲ್ಲಿ ಬಹಳ ಜನ ಅಂದುಕೊಳ್ಳುತ್ತಾರೆ. ಒಳ್ಳೆಯ ವಾಕ್ ಮುಗಿಸಿ ಬಂದ ನಾಯಿ ಒಂದು ನಿದ್ದೆ ತೆಗೆದು ಎದ್ದು ಮತ್ತೆ ಚೆಂಡು ಹಿಡಿದು ಬರುತ್ತದೆ. ಎದ್ದೇ ಏಳದ ನಾಯಿಗೆ ಬೇರೇನೋ ಆಗಿದೆ.

ಅತ್ತೆಯೇ ಮೊದಲು ಗಮನಿಸಿದ್ದು. "ಇವನು ಕಾಲು ನೆಕ್ಕೋದೇ ನಿಲ್ಲಿಸ್ತಿಲ್ಲ, ಏನಾಗಿದೆ ನೋಡು" ಎಂದರು. ಅಂಗಾಲಿನ ಮೆತ್ತೆ ಕೆಂಪಗೆ ಸುಲಿದಿತ್ತು. ಹಿಂಗಾಲಿನ ಉಗುರುಗಳು ತುದಿಯಲ್ಲಿ ಮೊಂಡಾಗಿ, ಒಂದರಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೇಳಿದರೆ "ಕಲ್ಲಿನ ಮೇಲೆ ನಡೆದಿರ್ತಾನೆ ಅಕ್ಕಾ" ಎಂದ. ಅದರ ಬೆನ್ನಿಗೇ ಇನ್ನೊಂದು ಶುರುವಾಯಿತು. ಗೇಟಿನ ಹೊರಗೆ ಸ್ಕೂಟರ್ ನಿಂತ ಸದ್ದು ಕೇಳಿದರೆ ಸಾಕು, ಬೆಲ್ಟ್ ಕಂಡರೆ ಕುಣಿಯುತ್ತಿದ್ದ ಪ್ರಾಣಿ ಮಂಚದ ಕೆಳಗೆ ಹೋಗಿ ಸೇರಿಕೊಳ್ಳುತ್ತಿತ್ತು.

ಆಗ ನಾನು ಅವನು ಕಳಿಸಿದ ಮ್ಯಾಪುಗಳನ್ನು ತೆಗೆದು ಸಾವಧಾನವಾಗಿ ನೋಡಿದೆ. ಮಲಗಿದವಳಿಗೆ ಬೇರೆ ಕೆಲಸವೂ ಇರಲಿಲ್ಲ. 3 ಕಿಲೋಮೀಟರ್, 15 ನಿಮಿಷ. ಅಂದರೆ ಗಂಟೆಗೆ 12 ಕಿಲೋಮೀಟರ್ ವೇಗ. ಮನುಷ್ಯರು ಸಾಧಾರಣವಾಗಿ ನಡೆಯುವುದು ಗಂಟೆಗೆ 5 ಕಿಲೋಮೀಟರ್, ಜೊತೆಗೆ ನಾಯಿ ಇದ್ದರೆ ಇನ್ನೂ ಕಡಿಮೆ. ಅದಕ್ಕಿಂತ ಹೆಚ್ಚು ಅನುಮಾನ ತಂದದ್ದು ಗೆರೆಯ ಆಕಾರ. ಕೆಂಚ ಯಾವತ್ತೂ ನೇರವಾಗಿ ನಡೆದವನಲ್ಲ. ಕಂಬ, ಪೊದೆ, ನಿಂತ ಗಾಡಿಯ ಚಕ್ರ ಎಲ್ಲಕ್ಕೂ ಹಾಜರಿ ಹಾಕಲೇಬೇಕು. ಅವನ ವಾಕಿಂಗಿನ ಗೆರೆ ಅಂಕುಡೊಂಕಾಗಿ, ಅಲ್ಲಲ್ಲಿ ಗಂಟು ಬಿದ್ದಂತೆ ಬರಬೇಕು. ಇದು ಎಲ್ಲೂ ನಿಲ್ಲದೆ ರಸ್ತೆಯ ನಡುವೆ ನೆಟ್ಟಗೆ ಹೋಗಿತ್ತು. ಫೋಟೋಗಳೋ, ಹೆಚ್ಚುಕಮ್ಮಿ ಎಲ್ಲವೂ ಹೊರಡುವ ಮೊದಲೇ ನಮ್ಮ ಗೇಟಿನ ಆಸುಪಾಸಿನಲ್ಲಿ ತೆಗೆದವು.

ಮುಂದಿನ ಬೀದಿಯ ಪರಿಚಯದ ಹೆಂಗಸಿಗೆ ಫೋನ್ ಮಾಡಿ, ಆ ಹೊತ್ತಿಗೆ ಸ್ವಲ್ಪ ಕಿಟಕಿಯಲ್ಲಿ ನೋಡಿ ಎಂದೆ. ಅವರು ವಿಡಿಯೋ ಮಾಡಿ ಕಳಿಸಿದರು. ಬೆಲ್ಟಿನ ಕೊನೆ ಸ್ಕೂಟರಿನ ಹಿಂದಿನ ಹಿಡಿಗೆ ಸುತ್ತಿತ್ತು. ಕೆಂಚ ಬಾಯಿ ಪೂರ್ತಿ ತೆರೆದು ಓಡುತ್ತಿದ್ದ. ತಿರುವಿನಲ್ಲಿ ಹಿಂಗಾಲು ಊರಿ ನಿಲ್ಲಲು ನೋಡಿದ, ನಿಲ್ಲಲಾಗದೆ ಒಂದಷ್ಟು ದೂರ ಜಾರಿಕೊಂಡೇ ಹೋದ. ಉಗುರು ಸವೆದದ್ದು ಹೇಗೆಂದು ಆಮೇಲೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಹುಡುಗನನ್ನು ಕರೆದು ಕೇಳಿದೆ. "ನಾಯಿಗೆ ಓಡೋದು ಒಳ್ಳೇದೇ ಅಲ್ವಾ ಅಕ್ಕಾ, ಎಲ್ಲರ ಮನೆ ನಾಯೀನೂ ಹೀಗೇ ಕರ್ಕೊಂಡ್ ಹೋಗ್ತೀನಿ" ಎಂದ. ಹೆದರಿಕೆಯಾಗಲಿ ನಾಚಿಕೆಯಾಗಲಿ ಮುಖದಲ್ಲಿ ಕಾಣಲಿಲ್ಲ. ಮುಂಗಡ ಕೊಟ್ಟ ಹಣದಲ್ಲಿ ಉಳಿದದ್ದು ವಾಪಸ್ ಬರಲಿಲ್ಲ. ಅವನ ಜಾಹೀರಾತಿನಲ್ಲಿ ಕೆಂಚನ ಫೋಟೋ ಈಗಲೂ ಇದೆ.

ಡಾಕ್ಟರು ಕಾಲು ನೋಡಿ, ಇಷ್ಟರಲ್ಲೇ ಬಿಟ್ಟಿತು ಎಂದರು. ಸ್ಕೂಟರ್ ಓಡಿಸುವವನಿಗೆ ಹಿಂದೆ ನಾಯಿ ಎಡವಿ ಬಿದ್ದದ್ದು ತಕ್ಷಣ ತಿಳಿಯುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬಿಸಿಲು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಒಂದಿಷ್ಟು ಬೆವರುತ್ತದೆ ನಿಜ, ಆದರೆ ಮೈ ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ ನಾಲಿಗೆ ಚಾಚಿ ತೇಕುವುದೇ. ನಾಯಿಯ ಸಹಜ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅದು 41 ದಾಟಿತೆಂದರೆ ಜೀವಕ್ಕೇ ಕುತ್ತು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವಕ್ಕೆ ಸರಿಯಾಗಿ ತೇಕುವುದೂ ಕಷ್ಟ, ಅವು ನಡೆದುಕೊಂಡು ಹೋದರೂ ಬಿಸಿಲಿಗೆ ಕುಸಿಯಬಹುದು. ಗಾಳಿ ಅಷ್ಟೇನೂ ಬಿಸಿಯಿಲ್ಲದ ದಿನವೂ ಬಿಸಿಲಿಗೆ ಬಿದ್ದ ಡಾಂಬರು 50 ಡಿಗ್ರಿ ಮುಟ್ಟಬಲ್ಲದು. ಅಂಗೈಯ ಹಿಂಬದಿಯನ್ನು ರಸ್ತೆಗೆ ಒತ್ತಿ ಐದಾರು ಸೆಕೆಂಡ್ ಇಡಲಾಗದಿದ್ದರೆ ನಾಯಿಯ ಕಾಲಿಗೂ ಅದು ಆಗದು. ನಾಯಿ ತೇಕುವುದು ನಿಲ್ಲದೆ, ಒಸಡು ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಹೆಜ್ಜೆ ತೂರಾಡಿದರೆ ಮೊದಲು ಮೈಗೆ ತಣ್ಣೀರು ಸುರಿದು ಗಾಳಿ ಹಾಕಿ. ಆಮೇಲೆ ಗಾಡಿ ಹತ್ತಿಸಿ, ದಾರಿಯಲ್ಲೂ ತಣಿಸುತ್ತಲೇ ಆಸ್ಪತ್ರೆಗೆ ಒಯ್ಯಿರಿ. ನಾಯಿಯನ್ನು ಯಾರ ಕೈಗೆ ಕೊಡುತ್ತೀರೋ ಅವರಿಗೆ ಇದು ಗೊತ್ತಿದೆಯೇ ಎಂದು ಕೇಳಿ. ಉತ್ತರಕ್ಕಿಂತ ಉತ್ತರ ಕೊಡುವ ರೀತಿಯಲ್ಲೇ ಬಹಳಷ್ಟು ತಿಳಿಯುತ್ತದೆ.

ನಡೆಯಲಾಗದವರು ಜೊತೆಗೆ ಹೋಗಿ ಪರೀಕ್ಷಿಸುವುದಾದರೂ ಹೇಗೆ? ಮೊದಲ ಕೆಲವು ಸಲ ನಿಮ್ಮ ಪರವಾಗಿ ಯಾರಾದರೂ ಜೊತೆಗೆ ಹೋಗಲಿ. ಅದೂ ಆಗದಿದ್ದರೆ ನಿಮ್ಮ ಕಿಟಕಿಗೆ ಕಾಣುವಷ್ಟು ದೂರದಲ್ಲೇ ನಡೆಸಲು ಹೇಳಿ, ಒಂದೇ ಬೀದಿಯಲ್ಲಿ ಹತ್ತು ಸಲ ತಿರುಗಿದರೂ ನಾಯಿಗೆ ಬೇಸರವಿಲ್ಲ, ಮೂಸಲು ಬಿಟ್ಟರೆ ಸಾಕು. ಯಾವ ವಾಹನದಲ್ಲಿ ಬರುತ್ತೀರಿ, ಅದನ್ನು ಎಲ್ಲಿ ನಿಲ್ಲಿಸುತ್ತೀರಿ, ಒಟ್ಟಿಗೆ ಎಷ್ಟು ನಾಯಿ ಹಿಡಿಯುತ್ತೀರಿ, ನೀವು ಬರಲಾಗದ ದಿನ ಯಾರನ್ನು ಕಳಿಸುತ್ತೀರಿ? ಇದನ್ನೆಲ್ಲ ಮೊದಲೇ ಕೇಳಿ. ಕೊನೆಯ ಪ್ರಶ್ನೆಗೆ "ನಮ್ಮ ಹುಡುಗರು ಯಾರಾದ್ರೂ ಬರ್ತಾರೆ" ಎಂಬ ಉತ್ತರ ಬಂದರೆ ಅಲ್ಲಿಗೇ ಮುಗಿಸಿ.

ವಾಪಸ್ ಬಂದ ಕೂಡಲೇ ನಾಯಿಯ ಮೈ ನೋಡುವುದನ್ನು ಬಿಡಬೇಡಿ. ಅಂಗಾಲು, ಉಗುರು, ಕತ್ತುಪಟ್ಟಿಯ ಕೆಳಗಿನ ಚರ್ಮ, ಕಂಕುಳಲ್ಲಿ ಹಾರ್ನೆಸ್ (ಎದೆಪಟ್ಟಿ) ಉಜ್ಜುವ ಜಾಗ, ಕಿವಿಯೊಳಗೆ ಉಣ್ಣೆ ಹುಳ. ಕುರ್ಚಿಯಲ್ಲಿ ಕೂತೇ ಮಾಡಬಹುದಾದ ಕೆಲಸ ಇದು. ಆ ವ್ಯಕ್ತಿ ಬಂದಾಗ ನಾಯಿ ಬಾಗಿಲಿಗೆ ಓಡುತ್ತದೋ ಒಳಗೆ ಓಡುತ್ತದೋ ಎಂಬುದಕ್ಕೆ ಮ್ಯಾಪಿಗಿಂತ ಹೆಚ್ಚು ಬೆಲೆ ಕೊಡಿ.

ನಾಯಿಯ ಚರ್ಮದಡಿ ಗುರುತಿನ ಚಿಪ್ ಹಾಕಿಸಿದ್ದೇವೆ, ತಪ್ಪಿಸಿಕೊಂಡರೂ ಸಿಗುತ್ತದೆ ಎಂದು ಒಬ್ಬರು ನನ್ನ ಹತ್ತಿರ ಹೇಳಿದರು. ಆ ಚಿಪ್‌ನಲ್ಲಿರುವುದು 15 ಅಂಕಿಯ ಒಂದು ಸಂಖ್ಯೆ ಮಾತ್ರ. ಯಾರಾದರೂ ನಾಯಿಯನ್ನು ಹಿಡಿದು ಸ್ಕ್ಯಾನ್ ಮಾಡಿದರೆ ಉಪಯೋಗ, ನಾಯಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ. ಕೊರಳಲ್ಲಿ ಫೋನ್ ನಂಬರಿನ ಬಿಲ್ಲೆ ಇರಲೇಬೇಕು. ರೇಬೀಸ್ ಲಸಿಕೆಯ ಕಾರ್ಡಿನ ಫೋಟೋ ಕರೆದೊಯ್ಯುವವರ ಫೋನಿನಲ್ಲಿರಲಿ. ದಾರಿಯಲ್ಲಿ ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಸೀದಾ ಡಾಕ್ಟರ ಹತ್ತಿರ ಹೋಗಬೇಕೆಂದೂ ಹೇಳಿಟ್ಟಿರಿ.

ಮನೆ ಕೀಲಿ ಕೊಟ್ಟಿದ್ದರೆ, ಅವರನ್ನು ಕೆಲಸ ಬಿಡಿಸಿದ ದಿನವೇ ಬೀಗ ಬದಲಾಯಿಸಿ. ಕೀಲಿ ವಾಪಸ್ ಕೊಟ್ಟರೂ ಬದಲಾಯಿಸಿ. ನಾವು ಹಾಗೇ ಮಾಡಿದೆವು.

ಸರಿಯಾದವರು ಸಿಗುವವರೆಗೆ ನಾಯಿ ಕೆಲವು ದಿನ ಮನೆಯಲ್ಲೇ ಇದ್ದರೆ ಪ್ರಳಯವೇನೂ ಆಗುವುದಿಲ್ಲ. ಮಲಮೂತ್ರಕ್ಕೆ ಹೊರಗೆ ಬಿಡಲು ಯಾರಾದರೂ ಇದ್ದರೆ ಸಾಕು, ಉಳಿದದ್ದನ್ನು ಮೂಗಿಗೆ ಕೆಲಸ ಕೊಟ್ಟು ನಿಭಾಯಿಸಬಹುದು. ಅತ್ತೆ ಹಳೇ ಟವೆಲ್ ಸುರುಳಿ ಸುತ್ತಿ ಅದರೊಳಗೆ ಕೆಂಚನ ತಿಂಡಿ ಬಚ್ಚಿಡುತ್ತಿದ್ದರು, ಅದನ್ನು ಬಿಡಿಸುವಷ್ಟರಲ್ಲಿ ಅವನಿಗೆ ಅರ್ಧ ವಾಕಿಂಗಿನಷ್ಟು ಆಯಾಸ. ಈಗ ಬರುವಾಕೆ ನಡೆದೇ ಬರುತ್ತಾಳೆ, ಒಂದು ಸಲಕ್ಕೆ ಒಂದೇ ನಾಯಿ. ಮೊದಲ ದಿನ ನನ್ನ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಆಕೆ ತಿರುಗಿ ನನ್ನನ್ನೇ ಕೇಳಿದಳು: "ಇವನಿಗೆ ಯಾವುದಕ್ಕೆ ಹೆದರಿಕೆ ಅಕ್ಕಾ?" ಸ್ಕೂಟರಿಗೆ ಎಂದೆ. ಗಾಡಿ ಓಡಾಡದ ಹಿಂದಿನ ಬೀದಿಯಲ್ಲಿ ಕರೆದೊಯ್ಯುತ್ತಿದ್ದಾಳೆ.