ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್: ಆರು ವರ್ಷ ಕೇಳಿದ ಮೇಲೆ

ಆರ್‌ಟಿಎಲ್-ಎಸ್‌ಡಿಆರ್ ಅಂದರೆ ಕಂಪ್ಯೂಟರಿನ ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್. ಅದರ ವಾಟರ್‌ಫಾಲ್‌ನಲ್ಲಿ, ಅಂದರೆ ಸಿಗ್ನಲ್‌ಗಳು ಗೆರೆಗಳಾಗಿ ಇಳಿದು ಬರುವ ಪರದೆಯ ಚಿತ್ರದಲ್ಲಿ, 144.000 ಮೆಗಾಹರ್ಟ್ಸ್ ಹತ್ತಿರ ಒಂದು ತೆಳ್ಳನೆಯ ಗೆರೆ ಸದಾ ಕಾಣುತ್ತದೆ. ಶುರುವಿನಲ್ಲಿ ಅದನ್ನು ಯಾವುದೋ ದೂರದ ಸ್ಟೇಷನ್ ಅಂದುಕೊಂಡು ವಾರಗಟ್ಟಲೆ ಕಿವಿಗೊಟ್ಟು ಕೂತಿದ್ದೆ. ಒಂದು ದಿನ ಆಂಟೆನಾ ಬಿಚ್ಚಿ ನೋಡಿದೆ. ಗೆರೆ ಅಲ್ಲೇ ಇತ್ತು. ಡಾಂಗಲ್ ಒಳಗೆ ಫ್ರೀಕ್ವೆನ್ಸಿಗೆ ಆಧಾರವಾದ ಕ್ರಿಸ್ಟಲ್ 28.8 ಮೆಗಾಹರ್ಟ್ಸ್‌ನದು. ಅದರ ಗುಣಕಗಳಲ್ಲೂ ಸಣ್ಣ ಸಿಗ್ನಲ್ ಹುಟ್ಟುತ್ತದೆ. ಅದನ್ನು ಐದರಿಂದ ಗುಣಿಸಿದರೆ ಸರಿಯಾಗಿ 144, ಹದಿನೈದರಿಂದ ಗುಣಿಸಿದರೆ 432. ಎರಡೂ ನಾವು ಜಾಸ್ತಿ ಕೇಳುವ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡ್‌ಗಳಲ್ಲೇ ಬಂದು ಕೂರುತ್ತವೆ. ಹಾಗಾಗಿ ಹೊಸಬರಿಗೆ ನನ್ನ ಮೊದಲ ಮಾತು: ಅನುಮಾನದ ಸಿಗ್ನಲ್ ಕಂಡರೆ ಆಂಟೆನಾ ಬಿಚ್ಚಿ. ಆಮೇಲೂ ಅದು ಹಾಗೇ ಉಳಿದರೆ ಡಾಂಗಲ್‌ನದೋ ಕಂಪ್ಯೂಟರಿನದೋ ಇರುತ್ತದೆ, ಹೊರಗಿಂದ ಬಂದದ್ದಲ್ಲ.

ಈ ಡಾಂಗಲ್ ಮೂಲತಃ ಕಂಪ್ಯೂಟರಿನಲ್ಲಿ ಡಿಜಿಟಲ್ ಟಿವಿ ನೋಡಲಿಕ್ಕೆ ಮಾಡಿದ್ದು. ಒಳಗಿನ ಆರ್‌ಟಿಎಲ್2832ಯು ಚಿಪ್ ಸಿಗ್ನಲನ್ನು ಬಿಡಿಸದೆ, ಇದ್ದ ಹಾಗೇ ಕಂಪ್ಯೂಟರಿಗೆ ಕಳಿಸಬಲ್ಲದು ಅಂತ 2012ರ ಹೊತ್ತಿಗೆ ಹವ್ಯಾಸಿಗಳಿಗೆ ಗೊತ್ತಾಯಿತು. ಅಲ್ಲಿಂದ ಇದು ರೇಡಿಯೊ ಆಯಿತು. ಆರ್820ಟಿ2 ಟ್ಯೂನರ್ ಇದ್ದರೆ 24ರಿಂದ ಸುಮಾರು 1,766 ಮೆಗಾಹರ್ಟ್ಸ್ ತನಕ ಕೇಳಬಹುದು. ಒಂದು ಸಲಕ್ಕೆ 2.4 ಮೆಗಾಹರ್ಟ್ಸ್ ಅಗಲ ಕಣ್ಣೆದುರು ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಒಂದೊಂದೇ ಚಾನೆಲ್ ಮುಟ್ಟಿಕೊಂಡು ಹೋಗುತ್ತದೆ. ಅದು ಮುಂದೆ ಹೋದ ಕ್ಷಣದಲ್ಲೇ ಹಿಂದಿನ ಚಾನೆಲ್‌ನಲ್ಲಿ ಯಾರೋ ಮಾತಾಡಿ ಮುಗಿಸಿರುತ್ತಾರೆ. ವಾಟರ್‌ಫಾಲ್‌ನಲ್ಲಿ ಮಾತಾಡಿದ ಗುರುತು ಉಳಿದಿರುತ್ತದೆ. ನನ್ನ ಹತ್ತಿರ ಎರಡೂ ಇವೆ. ಎಲ್ಲಿ ಏನಿದೆ ಅಂತ ಹುಡುಕಲಿಕ್ಕೆ ಡಾಂಗಲ್, ಹುಡುಕಿದ್ದನ್ನು ಓಡಾಡುತ್ತಾ ಕೇಳಲಿಕ್ಕೆ ಸ್ಕ್ಯಾನರ್.

ಆರು ವರ್ಷದಲ್ಲಿ ಎರಡು ಡಾಂಗಲ್ ಬಳಸಿದ್ದೇನೆ. ಮೊದಲನೆಯದು ಪ್ಲಾಸ್ಟಿಕ್ ಕವಚದ್ದು, ಸಾಧಾರಣ ಕ್ರಿಸ್ಟಲ್‌ನದು. ಅದರಲ್ಲಿ ಸುಮಾರು 60 ಪಿಪಿಎಂ (ಹತ್ತು ಲಕ್ಷಕ್ಕೆ 60 ಪಾಲು) ತಪ್ಪಿತ್ತು. ಅಂದರೆ 145 ಮೆಗಾಹರ್ಟ್ಸ್‌ನಲ್ಲಿ ಹತ್ತಿರ ಹತ್ತಿರ 9 ಕಿಲೋಹರ್ಟ್ಸ್ ಪಕ್ಕಕ್ಕೆ. 12.5 ಕಿಲೋಹರ್ಟ್ಸ್ ಅಂತರದ ಚಾನೆಲ್‌ಗಳಲ್ಲಿ ಇದು ಪಕ್ಕದ ಮನೆಗೆ ಹೋಗಿ ಬಾಗಿಲು ತಟ್ಟಿದ ಹಾಗೆ. ಸಾಫ್ಟ್‌ವೇರಿನಲ್ಲಿ ತಿದ್ದಬಹುದು, ಆದರೆ ಡಾಂಗಲ್ ಬಿಸಿ ಆಗುತ್ತಾ ತಪ್ಪೂ ಬದಲಾಗುತ್ತದೆ. ಎರಡನೆಯದು ಲೋಹದ ಕವಚದ್ದು, 1 ಪಿಪಿಎಂ ಟಿಸಿಎಕ್ಸ್ಒ (ಬಿಸಿ ಏರಿದರೂ ಹೆಚ್ಚು ಸರಿಯದ ಕ್ರಿಸ್ಟಲ್) ಇರುವುದು. ಅದನ್ನು ತಂದ ಮೇಲೆ ಆ ತಿದ್ದುವ ಕೆಲಸವೇ ಮರೆತುಹೋಯಿತು. ಹೊಸದಾಗಿ ಕೊಳ್ಳುವವರು ಇದೊಂದನ್ನು ಮಾತ್ರ ಬಿಡಬೇಡಿ. ಮಿಕ್ಕ ಅಲಂಕಾರಗಳು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಇನ್ನು ಗೇನ್, ಅಂದರೆ ಬಂದ ಸಿಗ್ನಲನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವುದು. ಈ ಡಾಂಗಲ್ ಕೊಂಡು ಬೇಸರಪಟ್ಟವರಲ್ಲಿ ಹೆಚ್ಚಿನವರು ಸೋತಿರುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. ಇದು 8 ಬಿಟ್‌ನ ಸಾಧನ. ಅತಿ ಸಣ್ಣ ಸಿಗ್ನಲ್‌ನಿಂದ ಅತಿ ದೊಡ್ಡದರವರೆಗೆ ಅಳೆಯಲಿಕ್ಕೆ ಇರುವುದು 256 ಮೆಟ್ಟಿಲು ಮಾತ್ರ. ಸಿಗ್ನಲ್ ಸರಿಯಾಗಿ ಕೇಳಿಸುತ್ತಿಲ್ಲ ಅಂದ ತಕ್ಷಣ ಗೇನನ್ನು ತುದಿಗೆ, 49.6ಕ್ಕೆ, ಏರಿಸುವುದು ಎಲ್ಲರ ಕೈ ಅಭ್ಯಾಸ. ಆಗ ಹತ್ತಿರದ ಎಫ್‌ಎಂ ಸ್ಟೇಷನ್‌ಗಳು ಟ್ಯೂನರನ್ನೇ ಉಸಿರುಗಟ್ಟಿಸುತ್ತವೆ. ವಿಮಾನಗಳ ಬ್ಯಾಂಡ್‌ನಲ್ಲಿ ಹಾಡು ಕೇಳಿಸುತ್ತದೆ. ಇಲ್ಲದ ಕಡೆ ಸಿಗ್ನಲ್ ಹುಟ್ಟುತ್ತದೆ, ಇರುವ ಸಿಗ್ನಲ್ ಮುಳುಗುತ್ತದೆ.

ನನಗೂ ಹೀಗೇ ಆಗಿತ್ತು. ಸಿಗ್ನಲ್ ಸಾಲದು ಅಂತ ಒಂದು ಪ್ರಿಆಂಪ್ (ಸಿಗ್ನಲ್ ಹಿಗ್ಗಿಸುವ ಸಾಧನ) ತಂದು ಹಾಕಿದೆ. ಇನ್ನೂ ಹಾಳಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಬೇಕಾಗಿದ್ದದ್ದು ಪ್ರಿಆಂಪ್ ಅಲ್ಲ, 88ರಿಂದ 108 ಮೆಗಾಹರ್ಟ್ಸ್ ತಡೆಯುವ ಒಂದು ಸಣ್ಣ ಎಫ್‌ಎಂ ಫಿಲ್ಟರ್. ಅದನ್ನು ಆಂಟೆನಾಗೂ ಡಾಂಗಲ್‌ಗೂ ನಡುವೆ ಹಾಕಿದ ದಿನ 118ರಿಂದ 137 ಮೆಗಾಹರ್ಟ್ಸ್ ಪೂರ್ತಿ ತಿಳಿಯಾಯಿತು. ಅಷ್ಟು ದಿನ ಗದ್ದಲ ಅಂದುಕೊಂಡಿದ್ದರ ಅಡಿಯಲ್ಲಿ ಪೈಲಟ್‌ಗಳ ದನಿ ಇತ್ತು.

ಗೇನ್ ಇಡುವ ರೀತಿ ಸುಲಭ. ಆಟೊಮ್ಯಾಟಿಕ್ ತೆಗೆಯಿರಿ. ಸೊನ್ನೆಯಿಂದ ಒಂದೊಂದೇ ಹೆಜ್ಜೆ ಏರಿಸಿ. ಸ್ವಲ್ಪ ಹೊತ್ತು ಸಿಗ್ನಲ್ ಗದ್ದಲಕ್ಕಿಂತ ಬೇಗ ಮೇಲೇಳುತ್ತದೆ. ಎರಡೂ ಒಟ್ಟೊಟ್ಟಿಗೆ ಏರತೊಡಗಿದರೆ ಅಲ್ಲೇ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಬನ್ನಿ. ಬ್ಯಾಂಡ್ ಬದಲಾದರೆ ಮತ್ತೆ ಮಾಡಬೇಕು. ಎರಡು ನಿಮಿಷದ ಕೆಲಸ.

ಜೊತೆಗೆ ಬರುವ ಪುಟ್ಟ ಕಡ್ಡಿ ಆಂಟೆನಾ ಕಂಪ್ಯೂಟರ್ ಪಕ್ಕದಲ್ಲೇ ಕೂರುತ್ತದೆ. ಗದ್ದಲ ಹುಟ್ಟುವ ಜಾಗವೂ ಅದೇ ಅಲ್ವಾ? ಚಾರ್ಜರ್, ಎಲ್‌ಇಡಿ ದೀಪ, ಮಾನಿಟರ್ ಎಲ್ಲ ಅಲ್ಲೇ ಇರುತ್ತವೆ. ಕಿಟಕಿಯ ಹೊರಗೆ ಎರಡು ತಂತಿ ತುಂಡು ಕಟ್ಟಿದರೂ ಅದಕ್ಕಿಂತ ಎಷ್ಟೋ ಪಾಲು ಮೇಲು. ಹೀಗೆ ಎರಡು ತುಂಡಿನಿಂದಾದ ಆಂಟೆನಾಗೆ ಡೈಪೋಲ್ ಅಂತಾರೆ. ಅದರ ಒಂದೊಂದು ತೋಳಿನ ಉದ್ದ ತಿಳಿಯಬೇಕಾದರೆ 7,200ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. ಉತ್ತರ ಸೆಂಟಿಮೀಟರಿನಲ್ಲಿ ಬರುತ್ತದೆ. 145ಕ್ಕೆ ಸುಮಾರು 50, ವಿಮಾನದ ಬ್ಯಾಂಡ್ ನಡುವಿಗೆ 57, ವಿಮಾನಗಳು ತಾವಿರುವ ಜಾಗ ತಿಳಿಸುವ ಎಡಿಎಸ್-ಬಿಯ 1090ಕ್ಕೆ ಆರೂವರೆ. ಆರು ವರ್ಷದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಬದಲಾವಣೆ ಇದೇ. ಇದಕ್ಕೆ ಬೇಕಾದದ್ದು ಒಂದು ಕಟಿಂಗ್ ಪ್ಲೇಯರ್ ಮತ್ತು ಒಂದು ಸಂಜೆ.

ಕೇಬಲ್ ಬಗ್ಗೆಯೂ ಹೇಳಲೇಬೇಕು. ತೆಳು ಆರ್‌ಜಿ-174 ಕೇಬಲ್ 1,000 ಮೆಗಾಹರ್ಟ್ಸ್ ಹತ್ತಿರ ಒಂದು ಮೀಟರಿಗೆ ಸುಮಾರು 1 ಡೆಸಿಬೆಲ್ ನುಂಗುತ್ತದೆ. ಹತ್ತು ಮೀಟರ್ ಎಳೆದರೆ ಕೊನೆಗೆ ಉಳಿಯುವುದು ಹತ್ತರಲ್ಲಿ ಒಂದು ಪಾಲು. ಅದಕ್ಕೇ ನಾನು ಉದ್ದ ಮಾಡುವುದು ಆಂಟೆನಾ ಕೇಬಲನ್ನಲ್ಲ, ಯುಎಸ್‌ಬಿ ಕೇಬಲನ್ನು. ಡಾಂಗಲ್ ಆಂಟೆನಾ ಹತ್ತಿರ ಹೋಗುತ್ತದೆ, ಕಂಪ್ಯೂಟರಿನ ಗದ್ದಲದಿಂದ ದೂರವೂ ಆಗುತ್ತದೆ. ಯುಎಸ್‌ಬಿ ಕೇಬಲ್ ಐದು ಮೀಟರ್ ಮೀರದೆ ಇರಲಿ, ತುದಿಗೊಂದು ಗದ್ದಲ ತಡೆಯುವ ಫೆರೈಟ್ ಉಂಗುರ ಇರಲಿ.

ಉಪಗ್ರಹಗಳ ಬಗ್ಗೆ ಬರೆಯುವಾಗ ಮನಸ್ಸು ಸ್ವಲ್ಪ ಭಾರ ಆಗುತ್ತದೆ. ಈ ಡಾಂಗಲ್‌ನಿಂದ ನಾನು ತೆಗೆದ ಮೊದಲ ಚಿತ್ರ ನೋವಾ 15ರದು. 1998ರಲ್ಲಿ ಮೇಲೆ ಹೋದ ಹವಾಮಾನ ಉಪಗ್ರಹ. 137 ಮೆಗಾಹರ್ಟ್ಸ್‌ನಲ್ಲಿ ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುತ್ತಾ ಬರುತ್ತಿತ್ತು, ಸೆಕೆಂಡಿಗೆ ಎರಡು ಸಾಲು. ಆ ದನಿಯಿಂದ ಮೋಡಗಳು ಸಾಲು ಸಾಲಾಗಿ ಪರದೆ ಮೇಲೆ ಮೂಡುವುದನ್ನು ಮೊದಲ ಸಲ ನೋಡಿದಾಗ ನನಗೆ ಮಾತು ಹೊರಡಲಿಲ್ಲ. ನೋವಾ 15, 18, 19 ಮೂರನ್ನೂ 2025ರಲ್ಲಿ ನಿಲ್ಲಿಸಿದರು. ಹಳೆಯ ಸಲಹೆಗಳನ್ನು ಓದಿಕೊಂಡು ಈಗ ಶುರು ಮಾಡುವವರು ಆ ಫ್ರೀಕ್ವೆನ್ಸಿಗಳಲ್ಲಿ ಕಾಯಬೇಡಿ, ಅಲ್ಲಿ ಏನೂ ಬರುವುದಿಲ್ಲ.

ಅದರ ಬದಲು ರಷ್ಯಾದ ಮೀಟಿಯೋರ್ ಎಂ2-3 ಮತ್ತು ಎಂ2-4 ಹಿಡಿಯಿರಿ. 137.1 ಮತ್ತು 137.9 ಮೆಗಾಹರ್ಟ್ಸ್ ಎರಡನ್ನೂ ನೋಡಿ. ಇವು ಡಿಜಿಟಲ್. ನೋವಾ ಹಾಗೆ ಮಸುಕಾದ ಚಿತ್ರ ಕೊಡುವುದಿಲ್ಲ. ಸಿಗ್ನಲ್ ಸಾಕಷ್ಟಿದ್ದರೆ ಸೊಗಸಾದ ಚಿತ್ರ, ಇಲ್ಲದಿದ್ದರೆ ಆ ಜಾಗದಲ್ಲಿ ಕಪ್ಪು ಪಟ್ಟಿ. ಎರಡು ತೋಳುಗಳನ್ನು 53 ಸೆಂಟಿಮೀಟರ್ ಮಾಡಿ, 120 ಡಿಗ್ರಿ ಕೋನದಲ್ಲಿ ಅಗಲಿಸಿ, ನೆಲಕ್ಕೆ ಸಮನಾಗಿ ಮಲಗಿಸಿದರೆ ಸಾಕು. ಸ್ಯಾಟ್‌ಡಂಪ್ ಸಾಫ್ಟ್‌ವೇರ್ ಮಿಕ್ಕದ್ದನ್ನು ನೋಡಿಕೊಳ್ಳುತ್ತದೆ. ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ ಇದೇ ಆಂಟೆನಾದಲ್ಲಿ ಚೆನ್ನಾಗಿ ಕೇಳುತ್ತದೆ. ನಿಲ್ದಾಣ ಹತ್ತಿರ ಬರುವಾಗ ಸಿಗ್ನಲ್ ಮೂರೂವರೆ ಕಿಲೋಹರ್ಟ್ಸ್ ಮೇಲಿರುತ್ತದೆ, ದೂರ ಹೋಗುವಾಗ ಅಷ್ಟೇ ಕೆಳಗೆ. ವಾಟರ್‌ಫಾಲ್‌ನಲ್ಲಿ ಅದು ಬಾಗಿದ ಗೆರೆಯಾಗಿ ಕಾಣುತ್ತದೆ. ನೆಟ್ಟಗಿನ ಗೆರೆ ಕಂಡರೆ ಅದು ನೆಲದ ಮೇಲಿನದೇ.

ವಿಮಾನಗಳ ಎಡಿಎಸ್-ಬಿ ಕೇಳುವುದರಲ್ಲಿ ಈ ಡಾಂಗಲ್ ಬಗ್ಗೆ ನನ್ನ ದೂರು ಏನೂ ಇಲ್ಲ. ಹತ್ತು ಸಾವಿರ ಮೀಟರ್ ಎತ್ತರದ ವಿಮಾನ ಸುಮಾರು 400 ಕಿಲೋಮೀಟರ್ ತನಕ ದಿಗಂತದ ಮೇಲಿರುತ್ತದೆ. ಆಂಟೆನಾಗೆ ಆಕಾಶ ಎಷ್ಟು ಕಾಣುತ್ತದೋ ಅಷ್ಟು ದೂರ ಸಿಗುತ್ತದೆ. ನನ್ನ ಹಳೆಯ ಡಾಂಗಲ್ ಈಗ ಹಗಲೂ ರಾತ್ರಿ ಇದನ್ನೇ ಮಾಡುತ್ತಿದೆ. 1090ರಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದರೂ ನಡೆಯುತ್ತದೆ.

ಶಾರ್ಟ್‌ವೇವ್ ಮಾತ್ರ ಇದರ ಬಲವಲ್ಲ. 24 ಮೆಗಾಹರ್ಟ್ಸ್ ಕೆಳಗೆ ಡೈರೆಕ್ಟ್ ಸ್ಯಾಂಪ್ಲಿಂಗ್‌ನಲ್ಲಿ (ಟ್ಯೂನರ್ ಬಿಟ್ಟು ಸಿಗ್ನಲನ್ನು ನೇರ ಚಿಪ್‌ಗೆ ಕೊಟ್ಟು) ಕೇಳುತ್ತದೆ, ಆದರೆ ಅಲ್ಲಿ ಗೇನ್ ಹಿಡಿತ ಇಲ್ಲ, 14.4 ಮೆಗಾಹರ್ಟ್ಸ್‌ನ ಆಚೆಯದು ಈಚೆ ಮಡಚಿಕೊಂಡು ಬರುತ್ತದೆ. 14.074ರ ಎಫ್‌ಟಿ8 (ಕಂಪ್ಯೂಟರ್ ಓದುವ ಹ್ಯಾಮ್ ಡಿಜಿಟಲ್ ಸಂದೇಶ) ಸಿಗ್ನಲ್‌ಗಳು ನನಗೆ ಇದರಲ್ಲೂ ಸಿಕ್ಕಿವೆ, ಏಕೆಂದರೆ ಎಫ್‌ಟಿ8 ಗದ್ದಲದ ಅಡಿಯಿಂದಲೂ ಎದ್ದು ಬರುತ್ತದೆ. ಮಾತು ಕೇಳಬೇಕಾದರೆ ಫ್ರೀಕ್ವೆನ್ಸಿಯನ್ನು ಮೇಲೆತ್ತಿ ಕೊಡುವ ಅಪ್‌ಕನ್ವರ್ಟರ್ ಬೇಕು. ಶಾರ್ಟ್‌ವೇವ್ ಒಂದಕ್ಕೇ ಅಂತಾದರೆ ಬೇರೆ ರಿಸೀವರ್ ನೋಡಿ.

ಮಾತಾಡುವ ಆಸೆ ಇರುವವರಿಗೆ ಇದು ಸಾಲದು. ಇದು ಕಿವಿ ಮಾತ್ರ, ಬಾಯಿ ಇಲ್ಲ. ಮಾತಾಡಲಿಕ್ಕೆ ಲೈಸೆನ್ಸ್ ಬೇಕು, ಟ್ರಾನ್ಸ್‌ಮಿಟರ್ ಬೇಕು. ಎನ್‌ಕ್ರಿಪ್ಟ್ ಆದದ್ದನ್ನು ಯಾವ ಡಾಂಗಲ್ಲೂ ಬಿಡಿಸುವುದಿಲ್ಲ. ಯಾವುದನ್ನು ಕೇಳಬಹುದು ಅನ್ನುವ ಕಾನೂನು ದೇಶದಿಂದ ದೇಶಕ್ಕೆ ಬೇರೆ, ಮೊದಲೇ ಓದಿಕೊಳ್ಳಿ. ಕಿವಿಗೆ ಬಿದ್ದ ಬೇರೆಯವರ ಮಾತನ್ನು ಸುಮ್ನೆ ಹಂಚುತ್ತಾ ಹೋಗಬೇಡಿ. ನಾನು ಲೈಸೆನ್ಸ್ ತೆಗೆದುಕೊಳ್ಳುವ ಮೊದಲು ಒಂದು ವರ್ಷ ಇದರಲ್ಲಿ ರಿಪೀಟರ್ (ಹ್ಯಾಮ್‌ಗಳ ಮಾತನ್ನು ಹಿಡಿದು ಮತ್ತೆ ಬಿತ್ತರಿಸುವ ಸ್ಟೇಷನ್) ಕೇಳುತ್ತಿದ್ದೆ. ಯಾವಾಗ ತಡೆದು ಕಾಯಬೇಕು, ಕಾಲ್‌ಸೈನ್ (ಪ್ರತಿ ಹ್ಯಾಮ್‌ನ ಗುರುತಿನ ಹೆಸರು) ಯಾವಾಗ ಹೇಳಬೇಕು, ಎಲ್ಲ ಅಲ್ಲೇ ಕಲಿತೆ.

ಸವಕಳಿಯ ವಿಷಯ. ಹಳೆಯದರಲ್ಲಿದ್ದ ಸಣ್ಣ ಎಂಸಿಎಕ್ಸ್ ಕನೆಕ್ಟರ್ ಎರಡು ವರ್ಷಕ್ಕೆ ಸಡಿಲವಾಯಿತು, ಬೆಸುಗೆ ಹಾಕಿಸಿದೆ. ಹೊಸದರ ತಿರುಗಿಸುವ ಎಸ್‌ಎಂಎ ಈಗಲೂ ಗಟ್ಟಿ. ಆದರೆ ಅದಕ್ಕೆ ದಪ್ಪ ಕೇಬಲ್ ನೇರ ಜೋಡಿಸಬೇಡಿ, ಭಾರಕ್ಕೆ ಕನೆಕ್ಟರ್ ಬಾಗುತ್ತದೆ. ನಡುವೆ ಒಂದು ಗೇಣು ತೆಳು ಕೇಬಲ್ ಇರಲಿ. ಗುಡುಗು ಮಿಂಚು ಇದ್ದಾಗ ಹೊರಗಿನ ಆಂಟೆನಾ ಬಿಚ್ಚಿಡಿ. ಬಿಸಿ ಆಗುವುದು ಸಹಜ. ತೀರಾ ಬಿಸಿಯಾದರೆ 1,500 ಮೆಗಾಹರ್ಟ್ಸ್ ಮೇಲೆ ಟ್ಯೂನರ್ ಹಿಡಿತ ತಪ್ಪುತ್ತದೆ.

ಬಳಸಿದ ಡಾಂಗಲ್ ಕೊಳ್ಳುವುದಾದರೆ ಇಪ್ಪತ್ತು ನಿಮಿಷ ಓಡಿಸಿ ನೋಡಿ. ಗೊತ್ತಿರುವ ಫ್ರೀಕ್ವೆನ್ಸಿಯ ಒಂದು ಸ್ಟೇಷನ್ ಹಾಕಿ. ಬಿಸಿಯಾದ ಮೇಲೂ ಅದು ಇದ್ದಲ್ಲೇ ಇರಬೇಕು. ಕನೆಕ್ಟರನ್ನು ಮೆಲ್ಲಗೆ ಅಲ್ಲಾಡಿಸಿ, ಪರದೆಯ ಮೇಲಿನ ಸಿಗ್ನಲ್ ಏರಿಳಿಯಬಾರದು. ಕೊನೆಗೆ 1,500 ದಾಟಿಸಿ ನೋಡಿ. ಇಷ್ಟರಲ್ಲಿ ಗೆದ್ದರೆ ಧೈರ್ಯವಾಗಿ ತೆಗೆದುಕೊಳ್ಳಿ. 144ರ ಆ ಗೆರೆ ಅದರಲ್ಲೂ ಇರುತ್ತದೆ, ಅದಕ್ಕಾಗಿ ಹಿಂದೆ ಕೊಡಬೇಡಿ.