ವಿದೇಶಕ್ಕೆ ಗಾಲ್ಫ್ ಪ್ರವಾಸ: ಕಿಟ್ ಒಯ್ಯುವುದೋ, ಅಲ್ಲೇ ಬಾಡಿಗೆಗೆ ಪಡೆಯುವುದೋ?

ಒಂದು ಸಲ ಥಾಯ್ಲೆಂಡಿನ ಹುವಾ ಹಿನ್, ಎರಡು ಸಲ ಸ್ಕಾಟ್ಲೆಂಡ್. ಮೂರೂ ಸಲ ಗೈಡ್ ಇರುವ ಗುಂಪಿನ ಜೊತೆಗೇ ಹೋಗಿದ್ದೆ. ಮೊದಲ ಸಲ ಕ್ಲಬ್‌ಗಳನ್ನು (ಬಾಲ್ ಹೊಡೆಯುವ ಕೋಲುಗಳನ್ನು) ಬಟ್ಟೆಯ ಟ್ರಾವೆಲ್ ಕವರಿನಲ್ಲಿ ಒಯ್ದೆ. ಎರಡನೇ ಸಲ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಮೂರನೇ ಸಲ ಬರಿಗೈಯಲ್ಲಿ ಹೋಗಿ ಅಲ್ಲೇ ಬಾಡಿಗೆಗೆ ಪಡೆದೆ. ಬೆಂಗಳೂರಿನ ಗೆಳೆಯರು ಯಾವುದು ಒಳ್ಳೇದು ಅಂತ ಕೇಳುತ್ತಲೇ ಇರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಟ್ಟೆಯ ಕವರ್ ಹಗುರ. ರೂಮಿಗೆ ಹೋದ ಮೇಲೆ ಮಡಚಿ ಮಂಚದ ಕೆಳಗೆ ತಳ್ಳಬಹುದು. ಹುವಾ ಹಿನ್‌ಗೆ ಹೋಗುವಾಗ ಏನೂ ಆಗಲಿಲ್ಲ. ವಾಪಸ್ ಬರುವಾಗ, ಬಾಲನ್ನು ತುಂಬಾ ದೂರ ಹೊಡೆಯುವ ಡ್ರೈವರ್ ಅನ್ನುವ ಕ್ಲಬ್ಬಿನ ಶಾಫ್ಟ್, ಅಂದರೆ ಅದರ ಕೋಲು, ತಲೆಯ ಹತ್ತಿರ ಮುರಿದಿತ್ತು. ವಿಮಾನ ಕಂಪನಿಯವರು ಫಾರಂ ತುಂಬಿಸಿಕೊಂಡರು, ಪರಿಹಾರ ಮಾತ್ರ ಬರಲಿಲ್ಲ. ಆ ಡ್ರೈವರನ್ನು ಎಂಟು ವರ್ಷ ಆಡಿದ್ದೆ. ತುಂಬಾ ಬೇಜಾರಾಯಿತು.

ಆ ಹೆದರಿಕೆಗೆ ಸ್ಕಾಟ್ಲೆಂಡ್‌ಗೆ ಗಟ್ಟಿ ಪೆಟ್ಟಿಗೆ ಕೊಂಡೆ. ಕ್ಲಬ್‌ಗಳಿಗೆ ಒಂದು ಗೀರೂ ಬೀಳಲಿಲ್ಲ, ಅದು ನಿಜ. ಆದರೆ ಖಾಲಿ ಪೆಟ್ಟಿಗೆಯ ತೂಕವೇ ಜಾಸ್ತಿ. ಬ್ಯಾಗೇಜಿನ ಮಿತಿಯಲ್ಲಿ ಅದೇ ಅರ್ಧ ತಿಂದುಹಾಕುತ್ತದೆ. ಗೈಡ್ ಜೊತೆ ಹೋಗುವವರಿಗೆ ಇನ್ನೊಂದು ತೊಂದರೆಯೂ ಇದೆ, ಅದನ್ನು ಮೊದಲೇ ಯಾರೂ ಹೇಳುವುದಿಲ್ಲ. ನಾವು ಎಂಟು ಜನ, ಒಂದೇ ವ್ಯಾನ್. ಐದು ಗಟ್ಟಿ ಪೆಟ್ಟಿಗೆ ಇಟ್ಟರೆ ಹಿಂದಿನ ಜಾಗ ಮುಗಿಯಿತು. ಸೇಂಟ್ ಆಂಡ್ರೂಸ್‌ನಿಂದ ಕಾರ್ನೂಸ್ಟಿಗೆ, ಅಲ್ಲಿಂದ ನಾರ್ತ್ ಬೆರಿಕ್‌ಗೆ ಹೋಗುವಾಗೆಲ್ಲ ನಮ್ಮ ಸೂಟ್‌ಕೇಸ್‌ಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆವು. ಗುಂಪಿನಲ್ಲಿ ಹೋಗುವುದಾದರೆ ವ್ಯಾನಿನಲ್ಲಿ ಎಷ್ಟು ಜಾಗ ಇದೆ ಅಂತ ಗೈಡನ್ನು ಮೊದಲೇ ಕೇಳಿ.

ಬಾಡಿಗೆ ಸೆಟ್ ವಿಮಾನ ನಿಲ್ದಾಣದಲ್ಲಿ ಸುಖ. ಕೋರ್ಸಿನಲ್ಲಿ, ಅಂದರೆ ಆಡುವ ಮೈದಾನದಲ್ಲಿ, ಅಷ್ಟು ಸುಖ ಇಲ್ಲ. ನನಗೆ ಸಿಕ್ಕ ಐರನ್‌ಗಳು (ಚಪ್ಪಟೆ ಲೋಹದ ತಲೆಯ ಕ್ಲಬ್‌ಗಳು) ಹೊಸವೇ, ಒಳ್ಳೆಯವೇ. ಆದರೆ ಶಾಫ್ಟ್ ನನ್ನದಕ್ಕಿಂತ ಗಟ್ಟಿ. ಮೊದಲ ಎರಡು ದಿನ ಬಾಲ್ ಬಲಕ್ಕೇ ಹೋಗುತ್ತಿತ್ತು. ಮೂರನೇ ದಿನ ಕೈಗೆ ಹೊಂದಿತು, ಆದರೆ ನಮ್ಮದು ಐದೇ ದಿನದ ಆಟ. ಜೊತೆಗೆ ಬಂದ ಭಾವ ಎಡಗೈ ಆಟಗಾರ. ಅವರಿಗೆ ಸೆಟ್ ಸಿಗಲು ಒಂದು ದಿನ ಕಾಯಬೇಕಾಯಿತು. ಎಡಗೈಯವರು ಬಾಡಿಗೆ ನಂಬಿ ಹೋಗಬೇಡಿ. ಹೋಗಲೇಬೇಕಾದರೆ ತಿಂಗಳು ಮೊದಲೇ ಬುಕ್ ಮಾಡಿ, ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ.

ಈಗ ನನ್ನ ತೀರ್ಮಾನ ಬಟ್ಟೆಯ ಕವರೇ. ಆದರೆ ಸರಿಯಾಗಿ ಕಟ್ಟಬೇಕು. ಡ್ರೈವರಿನ ತಲೆಯನ್ನು ಅದರ ವ್ರೆಂಚಿನಿಂದ ಬಿಚ್ಚಿ ಕಾಲುಚೀಲದಲ್ಲಿ ಸುತ್ತಿಡಿ. ಕ್ಲಬ್‌ಗಳಿಗಿಂತ ಎತ್ತರಕ್ಕೆ ನಿಲ್ಲುವ, ಉದ್ದ ಮಾಡಬಹುದಾದ ಒಂದು ಲೋಹದ ಕೋಲು ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಮಧ್ಯದಲ್ಲಿ ಇಡಿ. ಮೇಲಿನಿಂದ ಏಟು ಬಿದ್ದರೆ ಅದು ತಡೆದುಕೊಳ್ಳುತ್ತದೆ. ಉಳಿದ ಸಂದಿಗಳಿಗೆ ಟವೆಲ್, ರೈನ್‌ಕೋಟ್ ತುರುಕಿ. ಕಳೆದ ಚಳಿಗಾಲದಲ್ಲಿ ಹೀಗೇ ಕಟ್ಟಿ ಕೋಲ್ಕತ್ತಾಕ್ಕೆ ಒಯ್ದೆ, 1829ರಲ್ಲಿ ಶುರುವಾದ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ ನೋಡಿ ಆಡಬೇಕೆಂಬ ಆಸೆ ಬಹಳ ದಿನದಿಂದ ಇತ್ತು. ಹೋಗಿ ಬರುವಾಗ ಎರಡೂ ಕಡೆ ಸೆಟ್ ಸುರಕ್ಷಿತವಾಗಿತ್ತು. ದುಬಾರಿ ಸೆಟ್ ಇದ್ದರೆ ಭಾರತ ಬಿಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ಅಲ್ಲೇ ಕೊಂಡಿದ್ದೀರಿ ಅಂತ ಸುಂಕ ಕೇಳುವ ಪ್ರಶ್ನೆ ಬರುವುದಿಲ್ಲ.

ಕಿಟ್ ವಿಷಯ ಇಷ್ಟು. ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು ಕಾಲು. ನಮ್ಮಲ್ಲಿ ಬ್ಯಾಗ್ ನೋಡಿಕೊಳ್ಳಲು ಕ್ಯಾಡಿ ಇರುತ್ತಾರೆ. ಹುವಾ ಹಿನ್‌ನಲ್ಲಂತೂ ಒಬ್ಬರಿಗೆ ಒಬ್ಬ ಕ್ಯಾಡಿ, ಮೇಲೆ ಕೂತು ಹೋಗುವ ಕಾರ್ಟ್ ಬೇರೆ. ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಆರೋಗ್ಯದ ಕಾರಣ ಇಲ್ಲದಿದ್ದರೆ ಕಾರ್ಟ್ ಇಲ್ಲ, ನಡೆಯಲೇಬೇಕು. ಸ್ಕಾಟ್ಲೆಂಡ್‌ಗೆ ಮೊದಲ ಸಲ ಎರಡು ತಿಂಗಳು ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಓಡಿ ಹೋಗಿದ್ದೆ. ಉಸಿರಿಗೆ ಏನೂ ತೊಂದರೆ ಆಗಲಿಲ್ಲ. ಮೂರನೇ ದಿನಕ್ಕೆ ಹಿಮ್ಮಡಿ ಮತ್ತು ಭುಜ ಕೈಕೊಟ್ಟವು. ಎರಡನೇ ಸಲ ಜಿಮ್ ಬಿಟ್ಟೆ. ವಾರಕ್ಕೆ ಎರಡು ದಿನ ಕ್ಯಾಡಿಗೆ ಬ್ಯಾಗ್ ಕೊಡದೆ ನಾನೇ ಹೆಗಲಿಗೆ ಹಾಕಿಕೊಂಡು ಒಂಬತ್ತು ಹೋಲ್, ಅಂದರೆ ಅರ್ಧ ಆಟದ ದೂರ, ನಡೆದೆ. ಕ್ಯಾಡಿಗೆ ಕೊಡಬೇಕಾದ ಹಣ ಕೊಟ್ಟೇ ಕೊಟ್ಟೆ, ಅವರ ದುಡಿಮೆ ಕಳೆಯಬಾರದಲ್ವಾ? ಆರು ವಾರದಲ್ಲಿ ಭುಜ ಗಟ್ಟಿಯಾಯಿತು. ಐದೂ ದಿನ ಆರಾಮಾಗಿ ನಡೆದೆ. ಹೊಸ ಶೂಗಳನ್ನೂ ಇಲ್ಲೇ ಹಾಕಿ ಪಳಗಿಸಿಕೊಳ್ಳಿ. ಅವು ನೀರು ಒಳಬಿಡದ ಶೂ ಆಗಿರಲಿ.

ಆಟದ ಅಭ್ಯಾಸಕ್ಕೂ ಇದೇ ಮಾತು. ಡ್ರೈವಿಂಗ್ ರೇಂಜಿನ ಮ್ಯಾಟ್ ಮೇಲೆ ಸಾವಿರ ಬಾಲ್ ಹೊಡೆದರೂ ಸ್ಕಾಟ್ಲೆಂಡ್‌ನ ಗಟ್ಟಿ ನೆಲಕ್ಕೆ ತಯಾರಿ ಆಗುವುದಿಲ್ಲ. ಬಾಲಿಗಿಂತ ಮೊದಲೇ ಕ್ಲಬ್ ನೆಲಕ್ಕೆ ತಗುಲಿದರೂ ಮ್ಯಾಟ್ ಮೇಲೆ ಜಾರಿ ಬಾಲಿಗೆ ತಾಗುತ್ತದೆ, ನಮ್ಮ ತಪ್ಪು ನಮಗೇ ಗೊತ್ತಾಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಹುಲ್ಲು ಒಣಗಿದ ಜಾಗ ಹುಡುಕಿ, ಏಳನೇ ಐರನ್‌ನಿಂದ ಬಾಲನ್ನು ತಗ್ಗಾಗಿ ತಳ್ಳಿ ಉರುಳಿಸುವುದನ್ನು ಕಲಿಯಿರಿ. ಅಲ್ಲಿ ಸಮುದ್ರದ ಗಾಳಿಗೆ ಬಾಲನ್ನು ಮೇಲಕ್ಕೆ ಎಬ್ಬಿಸುವ ವೆಡ್ಜ್ ಕ್ಲಬ್ಬಿನ ಎತ್ತರದ ಶಾಟ್ ನಿಲ್ಲುವುದಿಲ್ಲ. ಇನ್ನೊಂದು ಲೆಕ್ಕವೂ ನೆನಪಿರಲಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಬಾಲ್ ಸ್ವಲ್ಪ ಜಾಸ್ತಿ ದೂರ ಹೋಗುತ್ತದೆ. ಇಲ್ಲಿ 150 ಗಜ ಹೋಗುವ ಶಾಟ್ ಅಲ್ಲಿ ಗಾಳಿ ಬೀಸದಿದ್ದರೂ ನಾಲ್ಕೈದು ಗಜ ಕಡಿಮೆ. ಚಳಿ ಸೇರಿದರೆ ಇನ್ನೂ ಕಡಿಮೆ. ಕಾರ್ನೂಸ್ಟಿಯ 18ನೇ ಹೋಲಿನಲ್ಲಿ ಬ್ಯಾರಿ ಬರ್ನ್ ಅನ್ನುವ ತೊರೆ ಗ್ರೀನಿನ (ಕುಳಿ ಇರುವ ನುಣುಪು ಹುಲ್ಲಿನ ಜಾಗದ) ಮುಂದೆಯೇ ಹರಿಯುತ್ತದೆ. 1999ರ ಬ್ರಿಟಿಷ್ ಓಪನ್ ಪಂದ್ಯಾವಳಿಯಲ್ಲಿ ಫ್ರಾನ್ಸಿನ ಆಟಗಾರ ಜಾನ್ ವಾನ್ ಡ ವೆಲ್ಡೆ ಗೆಲುವು ಕಳೆದುಕೊಂಡ ಜಾಗ ಅದು. ನನ್ನ ಎರಡು ಬಾಲ್ ಅದರಲ್ಲಿ ಹೋದವು, ಎರಡಕ್ಕೂ ಇನ್ನೂ ದೂರ ಹೊಡೆಯುವ ಒಂದು ದೊಡ್ಡ ಕ್ಲಬ್ ತೆಗೆದುಕೊಳ್ಳಬೇಕಿತ್ತು.

ಮಳೆಗೆ ಕೊಡೆಯೋ, ರೈನ್‌ಸೂಟೋ? ಕೊಡೆ ಮನೆಯಲ್ಲೇ ಇರಲಿ. ಆ ಗಾಳಿಗೆ ನನ್ನದು ಎರಡನೇ ಹೋಲಿನಲ್ಲೇ ತಿರುಚಿಕೊಂಡಿತು. ಮೇಲೆ ಕೆಳಗೆ ಎರಡೂ ಇರುವ ರೈನ್‌ಸೂಟ್, ಒದ್ದೆಯಾದಾಗ ಹಿಡಿತ ಕೊಡುವ ಎರಡು ಕೈಗಳ ಗ್ಲೌಸ್, ಇಷ್ಟು ಸಾಕು. ಜೂನ್‌ನಲ್ಲೂ ಒಂದು ಸ್ವೆಟರ್ ಇರಲಿ.

ಓಲ್ಡ್ ಕೋರ್ಸ್ ಆಡುವ ಆಸೆ ಇದ್ದರೆ ನಿಮ್ಮ ಗಾಲ್ಫ್ ಕ್ಲಬ್‌ನಿಂದ, ನಿಮ್ಮ ಆಟದ ಮಟ್ಟ ತೋರಿಸುವ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಪಡೆದು ಹೊರಡಿ. ಸಾಮಾನ್ಯವಾಗಿ ಭಾನುವಾರ ಅಲ್ಲಿ ಆಟ ಇಲ್ಲ, ಊರಿನವರು ನಾಯಿ ಕರೆದುಕೊಂಡು ಓಡಾಡುತ್ತಾರೆ. ಮೊದಲೇ ಟೀ ಟೈಮ್ (ಆಟ ಶುರು ಮಾಡುವ ಸಮಯ) ಸಿಗದವರು ಬ್ಯಾಲೆಟ್‌ಗೆ, ಅಂದರೆ ಲಾಟರಿಯಂತೆ ಹೆಸರು ಎತ್ತುವ ಪಟ್ಟಿಗೆ, ಹೆಸರು ಕೊಡಬಹುದು. ನಮ್ಮ ಗೈಡ್ ಮೂರು ದಿನ ಬಿಡದೆ ಹೆಸರು ಹಾಕಿದರು, ಮೂರನೇ ದಿನ ಬಂತು. ಆದ್ದರಿಂದ ಸೇಂಟ್ ಆಂಡ್ರೂಸ್‌ನಲ್ಲಿ ಒಂದೇ ರಾತ್ರಿ ಇಟ್ಟಿರುವ ಪ್ಯಾಕೇಜ್ ಬೇಡ, ಕನಿಷ್ಠ ಮೂರು ರಾತ್ರಿ ಇರುವುದನ್ನೇ ಆರಿಸಿ.